ಏರಿನ ಮನೆಯ ಮೀಟರು

ಗೇಟಿನ ಪಕ್ಕದಲ್ಲಿ ನೀರಿನ ಮೀಟರು ಕೂರಿಸಿ ಹೋದ ದಿನ ಕೆಂಚಕ್ಕ ಅದರ ಗಾಜಿನ ಮೇಲೆ ಕುಂಕುಮದ ಬೊಟ್ಟಿಟ್ಟಳು. ಮನೆಗೆ ಹೊಸದಾಗಿ ಬಂದದ್ದು ಏನೇ ಇರಲಿ, ಗ್ಯಾಸ್ ಸಿಲಿಂಡರಾಗಲಿ ಮಗನ ಲಗೇಜ್ ಆಟೊ ಆಗಲಿ, ಮುದುಕಿಯ ಕೈಯಿಂದ ಒಂದು ಬೊಟ್ಟು ಬೀಳಲೇಬೇಕು. ಸೊಸೆ ಯಶೋದಾ ಹಿಂದೆಯೇ ಬಂದು ಸೆರಗಿನ ತುದಿಯಿಂದ ಅದನ್ನು ಒರೆಸಿದಳು.

"ನಂಬರ್ ಕಾಣಬೇಕಲ್ಲ ಅತ್ತೆ. ನಂಬರ್ ಮುಚ್ಚಿದ್ರೆ ಅವರು ಬರಕೊಂಡಿದ್ದೇ ಲೆಕ್ಕ ಆಗ್ತೈತೆ."

ಮೀಟರು ಬಂದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಯಶೋದಾಳ ಅನುಮಾನ ಆಗಲೇ ಅದರ ಪಕ್ಕದಲ್ಲಿ ಜಾಗ ಹಿಡಿದಿತ್ತು. ಅವಳ ಸ್ವಭಾವವೇ ಹಾಗೆ. ಹಾಲಿನವನ ಅಳತೆ, ತರಕಾರಿಯವಳ ತಕ್ಕಡಿ, ಗಂಡನ ಜೇಬು, ಎಲ್ಲದರ ಮೇಲೂ ಒಂದು ಕಣ್ಣಿಟ್ಟೇ ಇಪ್ಪತ್ತು ವರ್ಷ ಸಂಸಾರ ನಡೆಸಿದವಳು. ಅದರಿಂದ ಮನೆ ಉಳಿದಿದೆ ಅಂತ ಅವಳು ನಂಬಿದ್ದಳು. ಅರ್ಧ ನಿಜವೂ ಇತ್ತು.

ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಕಡೆಗೆ ಏರುವ ಬೀದಿಯೊಂದರ ಕೊಟ್ಟಕೊನೆಯ ಮನೆ ಅದು. ಬೀದಿಯವರು ಏರಿನ ಮನೆ ಅನ್ನುತ್ತಿದ್ದರು. ಮಾವ ಕಾಟಲಿಂಗಪ್ಪ, ಅಣ್ಣತಮ್ಮಂದಿರನ್ನು ಕುರಿ ಹಿಂದೆ ಬಿಟ್ಟು ಊರಿಗೆ ಬಂದು, ಎಣ್ಣೆ ಮಿಲ್ಲಿನಲ್ಲಿ ಮೂವತ್ತು ವರ್ಷ ಕಾವಲು ಕಾದು, ಒಂದೊಂದೇ ಕೋಣೆ ಸೇರಿಸಿ ಕಟ್ಟಿಸಿದ ಮನೆ. ಮಗ ರಂಗೇಶ್ ಲಗೇಜ್ ಆಟೊ ಓಡಿಸುತ್ತಿದ್ದ. ಮೊಮ್ಮಗಳು ದೇವಿಕಾ ಪಿಯುಸಿ ಓದುತ್ತಿದ್ದಳು. ಹಿತ್ತಲ ಕೋಣೆಯಲ್ಲಿ ರಂಗೇಶನ ತಂಗಿ ಮೀನಾಕ್ಷಿ ಇದ್ದಳು. ಎರಡು ವರ್ಷದ ಹಿಂದೆ ಜವನಗೊಂಡನಹಳ್ಳಿಯ ಗಂಡನ ಮನೆಯಿಂದ ಒಂದು ಟ್ರಂಕು, ಒಂದು ಗ್ರೈಂಡರ್ ಇಳಿಸಿಕೊಂಡು ಬಂದವಳು. ಯಾಕೆ ಬಂದೆ ಅಂತ ಯಾರೂ ಒತ್ತಿ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬಂದ ತಿಂಗಳಿಗೇ ದೋಸೆ ಹಿಟ್ಟು ರುಬ್ಬಿ ಮಾರಲು ಶುರು ಮಾಡಿ, ತನ್ನ ಖರ್ಚು ತಾನು ನೋಡಿಕೊಳ್ಳುತ್ತಿದ್ದಳು. ಮನೆಗೂ ಆಗಾಗ ಕಾಳು, ಬೆಲ್ಲ ಅಂತ ತಂದು ಹಾಕುತ್ತಿದ್ದಳು. ಆ ಮನೆ ಬಿಟ್ಟರೆ ಅವಳಿಗೆ ಇನ್ನೊಂದು ಗತಿ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಅವಳಿಗಂತೂ ದಿನಾ ಗೊತ್ತಿತ್ತು.

ನೀರು ನಾಲ್ಕು ದಿನಕ್ಕೊಮ್ಮೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರೊಳಗೆ ಯಾವಾಗಲಾದರೂ ಬರಬಹುದು. ಬಂದದ್ದು ತಿಳಿಯದೆ ಹೋದರೆ ಇನ್ನು ನಾಲ್ಕು ದಿನ ಕೈ ಕಟ್ಟಿ ಕೂರಬೇಕು. ಇದಕ್ಕೆ ಯಶೋದಾ ಮದುವೆಯಾಗಿ ಬಂದ ವರ್ಷವೇ ಒಂದು ಉಪಾಯ ಹೂಡಿದ್ದಳು. ನೀರು ನಿಂತ ಮೇಲೂ ನಲ್ಲಿಯನ್ನು ಪೂರಾ ತಿರುವಿ ಬಿಟ್ಟೇ ಇಡುವುದು, ಕೆಳಗೆ ಒಂದು ಬೋಗುಣಿ ಬೋರಲು ಹಾಕುವುದು. ಮೊದಲ ಹನಿ ಬಿದ್ದೊಡನೆ ಠಣ್ ಅನ್ನಬೇಕು. ಮಿಕ್ಸಿ ತಿರುಗುತ್ತಿದ್ದರೂ ಆ ಠಣ್ ಅವಳ ಕಿವಿಗೆ ಬೀಳುತ್ತಿತ್ತು. ಹಿಟ್ಟಿನ ಕೈಯಲ್ಲೇ ಓಡಿಹೋಗಿ ಪೈಪನ್ನು ಸಂಪಿಗೆ ಇಳಿಬಿಡುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಒಂದು ಸರದಿಯನ್ನೂ ತಪ್ಪಿಸಿಕೊಂಡವಳಲ್ಲ. ಯಶೋದಕ್ಕನ ಬೋಗುಣಿ ಸದ್ದಾಯಿತು ಅಂದರೆ ಬೀದಿಯ ಹೆಂಗಸರು ಕೊಡ ಹಿಡಿದು ಏಳುತ್ತಿದ್ದರು. ಅದೊಂದು ಹೆಮ್ಮೆ ಅವಳಿಗೆ.

ಮೊದಲ ಬಿಲ್ಲು ತಂದವನು ಮಂಜಣ್ಣ. ಕೊರಳಲ್ಲಿ ಮಿಷನ್ ತಗುಲಿಸಿಕೊಂಡು ಮನೆಮನೆಯ ಮೀಟರು ಓದಿ, ಅಲ್ಲೇ ಚೀಟಿ ಹರಿದು ಕೊಡುವವನು. ಚೀಟಿ ನೋಡಿ ಯಶೋದಾ ಕಣ್ಣುಜ್ಜಿಕೊಂಡಳು. ಹಿಂದೆ ತಿಂಗಳಿಗೆ ನೂರೈವತ್ತು ಕಟ್ಟುತ್ತಿದ್ದ ಮನೆಗೆ ಸಾವಿರದ ನೂರ ನಲವತ್ತು ಬಂದಿತ್ತು.

"ಏನಪ್ಪ ಇದು? ಬೇರೆ ಮನೇದು ನಮಗೆ ಕೊಟ್ಟಿಯೇನೋ ನೋಡು."

"ನಿಮ್ದೇ ಅಕ್ಕ. ಮೂವತ್ತೆಂಟು ಸಾವಿರ ಲೀಟರ್ ಓಡೈತೆ. ಇದು ನೀರಿಂದು, ಕೆಳಗೆ ಇರೋದು ಒಳಚರಂಡಿದು."

"ಚರಂಡಿಗೂ ದುಡ್ಡೇನೋ?" ಜಗುಲಿಯಿಂದ ಕಾಟಲಿಂಗಪ್ಪ ಕೇಳಿದ.

"ಒಳಕ್ಕೆ ಬಂದ ನೀರು ಹೊರಕ್ಕೆ ಹೋಗಲೇಬೇಕಲ್ಲ ಅಜ್ಜ. ಎಷ್ಟು ಬಂತೋ ಅದರ ಮೇಲೆ ಇಷ್ಟು ಭಾಗ ಅಂತ ಹಾಕ್ತಾರೆ."

"ಕುಡಿಯಾಕೂ ಕೊಡ್ಬೇಕು, ಚೆಲ್ಲಾಕೂ ಕೊಡ್ಬೇಕು. ಒಳ್ಳೇದಾತು."

"ನೀರು ನಿಮ್ಮಲ್ಲಿ ಎಲ್ಲಾದ್ರೂ ಸೋರ್ತಿರಬೌದು," ಮಂಜಣ್ಣ ಹೋಗುತ್ತಾ ಹೇಳಿದ. "ನೀರು ಬಂದ ದಿನ ಎಲ್ಲಾ ನಲ್ಲಿ ಬಂದ್ ಮಾಡಿ ಮೀಟರ್ ನೋಡ್ರಿ. ಆಗಲೂ ತಿರುಗಿದ್ರೆ ಸೋರಿಕೆ. ತಿರುಗಲಿಲ್ಲ ಅಂದ್ರೆ ನೀವೇ ಬಳಸಿರೋದು."

ಅವತ್ತು ಸಂಜೆ ಹುರುಳಿ ಸಾರಿಗೆ ಉಪ್ಪು ಜಾಸ್ತಿಯಾಗಿದ್ದರೂ ಯಾರೂ ಹೇಳಲಿಲ್ಲ. ಒಬ್ಬೊಬ್ಬರ ಅನುಮಾನ ಒಂದೊಂದು ಕಡೆಗಿತ್ತು.

"ಮಿಷನ್ನೇ ಸುಳ್ಳು," ಕಾಟಲಿಂಗಪ್ಪ ಮುದ್ದೆ ಮುರಿಯುತ್ತಾ ಅಂದ. "ನಮ್ಮ ಮಿಲ್ಲಾಗೆ ತೂಕದ ಮಿಷನ್ ನೋಡಿಲ್ವೇನು ನಾನು? ಒಂದು ಸ್ಕ್ರೂ ತಿರುವಿದ್ರೆ ಚೀಲಕ್ಕೆ ಒಂದು ಕೆಜಿ ಆಕಡೆ ಈಕಡೆ."

"ಮಿಷನ್ ಅಲ್ಲಪ್ಪ, ಪೈಪ್ ಒಡೆದಿರ್ತೈತೆ. ನೆಲದೊಳಗೆ ಇಂಗಿ ಹೋಗ್ತೈತೆ," ರಂಗೇಶ್ ಅಂದ.

ದೇವಿಕಾ ಊಟದ ಮಧ್ಯೆಯೇ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಸಂಪು ಎರಡು ಸಾವಿರ ಲೀಟರ್. ತಿಂಗಳಿಗೆ ಎಂಟು ಸಲ ನೀರು, ಹದಿನಾರು ಸಾವಿರ ಆಯ್ತು. ಡ್ರಮ್ಮು, ಬಕೆಟ್ಟು, ಬಟ್ಟೆ ಎಲ್ಲಾ ಸೇರಿಸಿ ಇಪ್ಪತ್ತೆರಡು ಅನ್ನು. ಇನ್ನು ಹದಿನಾರು ಸಾವಿರ ಎಲ್ಲಿ ಹೋಯ್ತು ಅಂತ?"

ಎಲ್ಲಿ ಹೋಯಿತು ಅಂತ ಹುಡುಗಿ ಸುಮ್ಮನೆ ಕೇಳಿದ್ದು. ಆದರೆ ಆ ಮಾತು ಯಶೋದಾಳ ಮನಸ್ಸಿನಲ್ಲಿ ಹಾಗೇ ನಿಂತಿತು. ಅದೇ ಹೊತ್ತಿಗೆ ಮೀನಾಕ್ಷಿ ತಟ್ಟೆ ತೊಳೆಯಲು ಎದ್ದದ್ದನ್ನು ಅವಳು ನೋಡಿದಳು.

ಮುಂದಿನ ಸಲ ನೀರು ಬಂದಾಗ ರಂಗೇಶ್ ಮಂಜಣ್ಣ ಹೇಳಿದಂತೆಯೇ ಮಾಡಿದ. ಸಂಪು ತುಂಬಿದ ಮೇಲೆ ಎಲ್ಲಾ ನಲ್ಲಿ ಬಿಗಿದು, ಮೀಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹತ್ತು ನಿಮಿಷ ಕಣ್ಣು ಮಿಟುಕಿಸದೆ ನೋಡಿದ. ಒಳಗಿನ ಕೆಂಪು ಚಕ್ರ ಒಂದು ಹಲ್ಲೂ ಸರಿಯಲಿಲ್ಲ. ಸಾಲದ್ದಕ್ಕೆ ಭಾನುವಾರ ಬಾಡಿಗೆ ಬಿಟ್ಟು ಅಂಗಳದ ಸಿಮೆಂಟು ಒಡೆದು ಪೈಪನ್ನೂ ನೋಡಿದ. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಸೋರಿಕೆಯಿಲ್ಲ.

"ಹಂಗಾದ್ರೆ ನಾವೇ ಬಳಸಿದ್ದು," ಅವನು ಕೈ ಕೊಡವಿಕೊಂಡ.

"ನಾವು ಅಂದ್ರೆ ಯಾರು?" ಯಶೋದಾ ಕೇಳಿದಳು.

ಅಂಗಳಕ್ಕೆ ಮತ್ತೆ ಸಿಮೆಂಟು ಹಾಕಿಸಲು ಎಂಟುನೂರು ಹೋಯಿತು. ಆ ಎಂಟುನೂರನ್ನೂ ಯಶೋದಾ ಯಾರ ತಲೆಗೆ ಕಟ್ಟಬೇಕು ಅಂತ ಯೋಚಿಸತೊಡಗಿದ್ದಳು.

ಅನುಮಾನಕ್ಕೆ ಬೇಕಾದ್ದು ದಾರಿ. ಹುಡುಕಿದರೆ ಸಿಕ್ಕೇ ಸಿಗುತ್ತದೆ. ಮೀನಾಕ್ಷಿ ದಿನಕ್ಕೆ ಆರು ಸೇರು ಅಕ್ಕಿ ನೆನೆಹಾಕುತ್ತಾಳೆ. ಉದ್ದು ಬೇರೆ. ಗ್ರೈಂಡರ್ ತೊಳೆಯಬೇಕು, ಪಾತ್ರೆ ತೊಳೆಯಬೇಕು. ಇಷ್ಟು ದಿನ ಕಣ್ಣಿಗೆ ಬೀಳದಿದ್ದದ್ದು ಈಗ ಒಂದೊಂದಾಗಿ ಬೀಳತೊಡಗಿತು.

"ಅಕ್ಕಿ ಎಷ್ಟು ಸಲ ತೊಳಿತೀಯ ಮೀನಾಕ್ಷಿ?"

"ಮೂರು ಸಲ ಅತ್ತಿಗೆ. ಯಾಕೆ?"

"ಎರಡು ಸಲ ತೊಳೆದ್ರೆ ಸಾಲಲ್ವಾ?"

"ಹಿಟ್ಟು ಹಳದಿ ಬರ್ತೈತೆ. ಜನ ತಗಳಲ್ಲ."

ಮೀನಾಕ್ಷಿ ಮಾರನೇ ದಿನದಿಂದ ಎರಡೇ ಸಲ ತೊಳೆದಳು. ಅದನ್ನು ಕಂಡು ಯಶೋದಾಳಿಗೆ ಸಮಾಧಾನವಾಗುವ ಬದಲು ಇನ್ನೊಂದು ಪ್ರಶ್ನೆ ಎದ್ದಿತು. ತಪ್ಪಿಲ್ಲದಿದ್ದರೆ ಹೇಳಿದ ತಕ್ಷಣ ಯಾಕೆ ಬದಲಾಯಿಸಿದಳು?

ಆಮೇಲೆ ಹಿತ್ತಲ ಗೋಡೆಯ ಹತ್ತಿರದ ಒದ್ದೆ ಜಾಡು ಕಣ್ಣಿಗೆ ಬಿತ್ತು. ಮೀನಾಕ್ಷಿಯ ಬಾಗಿಲಿಂದ ಗೋಡೆಯವರೆಗೆ ನೆಲ ತೊಯ್ದಿತ್ತು. ಗೋಡೆಯಾಚೆ ಕೆಳಗಿನ ಮನೆ ತಿಪ್ಪಮ್ಮನದು. ತಿಪ್ಪಮ್ಮನಿಗೆ ಎರಡು ಎಮ್ಮೆ. ಎಮ್ಮೆ ಮೈ ತೊಳೆಯುವ ಮನೆಗೆ ಬಂದಿದ್ದ ಬಿಲ್ಲು ಮುನ್ನೂರು ಚಿಲ್ಲರೆ ಅಂತ ಯಶೋದಾ ಅದಾಗಲೇ ವಿಚಾರಿಸಿಕೊಂಡು ಬಂದಿದ್ದಳು.

"ಆ ಗೋಡೆ ಹತ್ರ ಯಾಕೆ ನೀರು?"

"ತಿಪ್ಪಮ್ಮತ್ತೆ ಎಮ್ಮೆಗೆ ಕಲಗಚ್ಚು ಕೊಟ್ಟೆ. ಅಕ್ಕಿ ತೊಳೆದಿದ್ದು ಸುಮ್ನೆ ಚರಂಡಿಗೆ ಯಾಕೆ ಹೋಗ್ಬೇಕು ಅಂತ."

"ಬಕೆಟ್ಟುಗಟ್ಲೆ ಕಲಗಚ್ಚೇನು?"

ಮೀನಾಕ್ಷಿ ಅತ್ತಿಗೆಯ ಮುಖ ನೋಡಿದಳು. ಅಲ್ಲಿಯವರೆಗೆ ಅವಳಿಗೆ ವಿಷಯ ಇಷ್ಟು ದೂರ ಬಂದಿದೆ ಅಂತ ಗೊತ್ತಿರಲಿಲ್ಲ ಅನ್ನಿಸುತ್ತದೆ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

"ಅಮ್ಮ, ಅತ್ತೇನ ಹಂಗೆ ಕೇಳ್ಬಾರ್ದಿತ್ತು," ದೇವಿಕಾ ಅಡುಗೆಮನೆಯಲ್ಲಿ ತಾಯಿಯನ್ನು ತಡೆದಳು. "ನೀನು ಪೊಲೀಸಾ?"

"ನಿನ್ನ ಫೀಸು, ನಿನ್ನ ಬಸ್ ಪಾಸು, ಇದೇ ಮನೆ ದುಡ್ಡಲ್ಲಿ ಆಗ್ಬೇಕು ಕಣೆ. ಹದಿನಾರು ಸಾವಿರ ಲೀಟರ್ ಅಂತ ಲೆಕ್ಕ ಹೇಳಿದ್ದು ನೀನೇ."

"ಲೆಕ್ಕ ಹೇಳ್ದೆ. ಅತ್ತೆ ಹೆಸರು ಹೇಳಿದ್ನಾ?"

"ನೀನು ಹೇಳದಿದ್ರೆ ಯಾರಾದ್ರೂ ಹೇಳ್ಬೇಕಲ್ಲ."

ಎರಡನೇ ತಿಂಗಳ ಬಿಲ್ಲು ಸಾವಿರದ ಇನ್ನೂರು. ಆ ಸಂಜೆ ಯಶೋದಾ ರೊಟ್ಟಿ ತಟ್ಟುತ್ತಾ ತಟ್ಟುತ್ತಾ ಬಾಯಿ ಬಿಟ್ಟಳು. ಅಡುಗೆಮನೆಯಲ್ಲಿ ಎಲ್ಲರೂ ಇದ್ದರು. ಕಾಟಲಿಂಗಪ್ಪ ಬಾಗಿಲ ಬಳಿ ಮಣೆ ಮೇಲೆ ಕೂತಿದ್ದ, ಕೆಂಚಕ್ಕ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡ. ತಿಪ್ಪಮ್ಮನ ಮನೆಗೆ ಪೈಪ್ ಬಿಡ್ತಿದ್ದೀಯ ನೀನು?"

"ಇಲ್ಲ ಅತ್ತಿಗೆ."

"ನೀರು ಬಂದ ದಿನ ನೀನು ಹಿತ್ತಲಾಗೇ ಇರ್ತೀಯ. ನಾನು ಸಂಪಿನ ಹತ್ರ ಇರ್ತೀನಿ. ಹಿಂದೆ ಏನು ನಡಿತೈತೆ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು?"

"ನನ್ನ ಕೇಳಿದ್ರೆ ಗೊತ್ತಾಗ್ತೈತೆ. ಕೇಳಿದ್ರಿ, ಇಲ್ಲ ಅಂದೆ."

"ಹಂಗಾದ್ರೆ ನೀರು ಹಾರಿ ಹೋಯ್ತಾ?"

ಮೀನಾಕ್ಷಿ ಅಣ್ಣನ ಕಡೆ ತಿರುಗಿದಳು. ರಂಗೇಶ್ ಮೊಬೈಲು ನೋಡುತ್ತಿದ್ದ. ಅಪ್ಪನ ಕಡೆ ನೋಡಿದಳು. ಕಾಟಲಿಂಗಪ್ಪ, ಮಿಷನ್ನೇ ಸುಳ್ಳು ಅನ್ನುತ್ತಿದ್ದವನು, ಅವತ್ತು ಕೆಮ್ಮಿ ಸುಮ್ಮನಾದ. ಕೊನೆಗೆ ತಾಯಿಯ ಕಡೆ ನೋಡಿದಳು.

"ಅವ್ವ, ನೀನಾದ್ರೂ ಹೇಳು."

ಕೆಂಚಕ್ಕ ಮೊರದಿಂದ ತಲೆ ಎತ್ತಲಿಲ್ಲ. "ಇದ್ದಿದ್ದು ಇದ್ದಂಗೆ ಹೇಳಿ ಬಿಡವ್ವ. ಮನೆಯಾಗೆ ಜಗಳ ಬ್ಯಾಡ."

ಮೀನಾಕ್ಷಿ ಕೋಣೆಗೆ ಹೋಗಿ ಐನೂರರ ಎರಡು ನೋಟು ತಂದು ಗ್ಯಾಸ್ ಕಟ್ಟೆಯ ಮೇಲಿಟ್ಟಳು. "ಹೆಚ್ಚಾಗಿದ್ದು ನಂದು ಅಂತ ಇಟ್ಕಳ್ರಿ. ಇನ್ನು ಈ ಮಾತು ಬ್ಯಾಡ."

ಮನೆಯ ಶಾಂತಿಗೆ ಅಂತ ಕೊಟ್ಟ ದುಡ್ಡು ಅದು. ಅದೇ ಅವಳಿಗೆ ಮುಳುವಾಯಿತು. ಮಾಡದ ತಪ್ಪಿಗೆ ಯಾರಾದರೂ ಸಾವಿರ ರೂಪಾಯಿ ಕೊಡುತ್ತಾರೆಯೇ ಅಂತ ಯಶೋದಾ ಅವತ್ತೇ ಗಂಡನ ಮುಂದೆ ಕೇಳಿದಳು. ರಂಗೇಶನಿಗೂ ಹೌದಲ್ಲ ಅನ್ನಿಸಿತು.

ಮೀನಾಕ್ಷಿ ಮನೆಯ ನೀರು ಮುಟ್ಟುವುದನ್ನು ಬಿಟ್ಟಳು. ಬೀದಿಯ ಕೆಳತುದಿಯ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು, ಏರು ಹತ್ತಿಕೊಂಡು ಬರುತ್ತಿದ್ದಳು. ಅಕ್ಕಿಗೂ ಅದೇ ನೀರು, ಸ್ನಾನಕ್ಕೂ ಅದೇ. ದಿನಕ್ಕೆ ಏಳೆಂಟು ಕ್ಯಾನು. ಬೀದಿಯವರೆಲ್ಲ ನೋಡುತ್ತಿದ್ದರು. ಒಂದು ದಿನ ಕೆಂಚಕ್ಕನೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗಳ ಜೊತೆ ಒಂದು ಕೊಡ ಹೊತ್ತು ಬಂದಳು.

"ಇದೆಲ್ಲ ನನ್ನ ಮರ್ಯಾದೆ ತೆಗಿಯಾಕೆ," ಯಶೋದಾ ಕುದಿದಳು. "ಬೀದಿಯೋರ ಮುಂದೆ ನಾನು ರಾಕ್ಷಸಿ ಆಗ್ಬೇಕು, ಅಷ್ಟೇ."

"ನೀರು ಮುಟ್ಟಿದ್ರೂ ತಪ್ಪು, ಮುಟ್ಟದಿದ್ರೂ ತಪ್ಪು," ದೇವಿಕಾ ಅಂದಳು. "ಅವರು ಏನು ಮಾಡ್ಬೇಕು ಹೇಳು, ಹೋಗಿ ಹೇಳ್ತೀನಿ."

ಏನು ಮಾಡಬೇಕೋ ಅದನ್ನು ಮೀನಾಕ್ಷಿ ತಾನೇ ಮಾಡಿದಳು. ಒಂದು ಬುಧವಾರ, ಪರಿಚಯದ ಒಂದು ಆಟೊ ಕರೆಸಿ, ಗ್ರೈಂಡರ್ ಏರಿಸಿದಳು. ಅಣ್ಣನ ಆಟೊ ಬಾಗಿಲಲ್ಲೇ ನಿಂತಿತ್ತು, ಅದನ್ನು ಕೇಳಲಿಲ್ಲ. ಊರ ಇನ್ನೊಂದು ತುದಿಯಲ್ಲಿ ಏಕನಾಥಮ್ಮ ಅನ್ನುವವರ ಸಾಲುಮನೆಯಲ್ಲಿ ಒಂದು ಕೋಣೆ ಸಿಕ್ಕಿದೆ ಅಂದಳು. ಬಾಡಿಗೆ ಎರಡೂವರೆ ಸಾವಿರ.

"ಅಷ್ಟು ದುಡ್ಡು ಎಲ್ಲಿಂದ ತರ್ತೀಯವ್ವ?" ಕಾಟಲಿಂಗಪ್ಪ ಗೇಟಿನವರೆಗೆ ಹೋಗಿ ಕೇಳಿದ.

"ರುಬ್ತೀನಿ ಅಪ್ಪ."

ಕೆಂಚಕ್ಕ ಅತ್ತಳು. ಅತ್ತಳೇ ಹೊರತು ಇರು ಅನ್ನಲಿಲ್ಲ. ಯಶೋದಾ ಅದನ್ನೂ ಗಮನಿಸಿದಳು, ಅತ್ತೆಯೂ ತನ್ನ ಕಡೆಗೇ ಇದ್ದಾಳೆ ಅಂತ ಒಳಗೊಳಗೇ ಧೈರ್ಯ ತಂದುಕೊಂಡಳು. ಅದನ್ನು ಒಪ್ಪಿಕೊಳ್ಳಲೇಬೇಕು, ಆ ದಿನ ಅವಳಿಗೆ ಗೆದ್ದ ಹಾಗೇ ಅನ್ನಿಸಿತ್ತು.

ಮೂರನೇ ತಿಂಗಳು ಯಶೋದಾ ಮಂಜಣ್ಣನ ದಾರಿ ಕಾದು ನಿಂತಳು. ಇಳಿದಿರುತ್ತದೆ, ಇಳಿದ ಚೀಟಿಯನ್ನು ಊಟದ ಹೊತ್ತಿಗೆ ಎಲ್ಲರ ಮುಂದಿಡಬೇಕು ಅಂತ ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದಳು. ಮಂಜಣ್ಣ ಚೀಟಿ ಹರಿದು ಕೊಟ್ಟ. ಮೂವತ್ತೇಳು ಸಾವಿರ ಲೀಟರ್.

"ಸರಿಯಾಗಿ ನೋಡಿದ್ಯಾ?"

"ನೀವೇ ನೋಡ್ರಿ ಅಕ್ಕ, ನಂಬರ್ ಕಣ್ಮುಂದೆ ಐತೆ."

ಯಶೋದಾ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಸೇರಿಸಿದಳು. ಯಾರು ಕೇಳಿದರೂ ಇನ್ನೂ ಬಂದಿಲ್ಲ ಅಂದಳು. ತಪ್ಪು ತನ್ನದಿರಬಹುದು ಅಂತ ಆಗಲೂ ಹೊಳೆಯಲಿಲ್ಲ. ತಿಪ್ಪಮ್ಮ ನೆಲದೊಳಗಿಂದಲೇ ಪೈಪು ಕೂಡಿಸಿಕೊಂಡಿದ್ದಾಳೆ, ಮೀನಾಕ್ಷಿ ಹೋದರೂ ಪೈಪು ಉಳಿದಿದೆ ಅಂತ ಹೊಸ ದಾರಿ ಹಿಡಿದಳು. ಕೈಯಾರೆ ಹಿಡಿಯಬೇಕು ಅಂತ, ಮುಂದಿನ ನೀರಿನ ದಿನ ಒಂಬತ್ತಕ್ಕೇ ಮೀಟರಿನ ಮುಂದೆ ಸ್ಟೂಲು ಹಾಕಿಕೊಂಡು, ಮಡಿಲಲ್ಲಿ ಅವರೆಕಾಯಿ ಸುರುವಿಕೊಂಡು, ಸುಲಿಯುತ್ತಾ ಕೂತಳು.

ಹತ್ತೂವರೆಗೆ ನಲ್ಲಿ ಸುಯ್ಯನೆ ಉಸಿರುಬಿಡತೊಡಗಿತು. ಇದು ಅವಳಿಗೆ ಹೊಸದಲ್ಲ. ನೀರು ಬರುವ ಮುಂಚೆ ನಲ್ಲಿ ಹಾಗೆ ಸುಯ್ಯನ್ನುವುದು ಇದ್ದದ್ದೇ. ಆ ಹೊತ್ತಿಗೆ ಯಾವತ್ತೂ ಒಲೆಯ ಮುಂದೆ ಇರುತ್ತಿದ್ದವಳು ಇವತ್ತು ಮೀಟರಿನ ಮುಂದಿದ್ದಳು, ಅಷ್ಟೇ ವ್ಯತ್ಯಾಸ. ಗಾಜಿನೊಳಗೆ ಕೆಂಪು ಚಕ್ರ ಗಿರ್ರನೆ ಸುತ್ತುತ್ತಿತ್ತು.

ನೀರು ಬಂತೇನೋ ಅಂತ ನೋಡಿದಳು. ಬೋಗುಣಿ ಒಣಗಿತ್ತು. ಗೋಡೆಯ ಮೇಲಿಂದ ಬಗ್ಗಿ ನೋಡಿದಳು. ತಿಪ್ಪಮ್ಮನ ಅಂಗಳದಲ್ಲಿ ಎಮ್ಮೆ ಮೆಲುಕು ಹಾಕುತ್ತಿತ್ತು, ನಲ್ಲಿ ಮುಚ್ಚಿತ್ತು. ಯಶೋದಾ ನಲ್ಲಿಯ ಬಾಯಿಗೆ ಅಂಗೈ ಹಿಡಿದಳು. ಬರೀ ಗಾಳಿ. ತಣ್ಣನೆಯ ಗಾಳಿ ಅಂಗೈಯನ್ನು ಒತ್ತುತ್ತಿತ್ತು. ನಲ್ಲಿ ತಿರುವಿ ಮುಚ್ಚಿದಳು, ಓಡಿಬಂದು ಮೀಟರು ನೋಡಿದಳು. ಚಕ್ರ ನಿಂತಿತ್ತು. ಹೋಗಿ ಬಿಚ್ಚಿದಳು, ಬಂದು ನೋಡಿದಳು. ತಿರುಗುತ್ತಿತ್ತು. ಮೂರು ಸಲ, ನಾಲ್ಕು ಸಲ ಹಾಗೆ ಓಡಾಡಿದಳು. ಅವರೆಕಾಯಿ ಅಂಗಳದ ತುಂಬ ಚೆಲ್ಲಿಹೋಗಿತ್ತು.

ಗಂಡ ಪರೀಕ್ಷೆ ಮಾಡಿದ್ದು ನಲ್ಲಿ ಮುಚ್ಚಿ. ಮುಚ್ಚಿದರೆ ಮೀಟರು ತಿರುಗುವುದೇ ಇಲ್ಲ. ಆದರೆ ಈ ಮನೆಯಲ್ಲಿ ನಲ್ಲಿ ಮುಚ್ಚಿದ್ದು ಯಾವಾಗ? ಇಪ್ಪತ್ತು ವರ್ಷದಿಂದ ಮುಚ್ಚದೆ ಬಿಟ್ಟವಳು ಯಾರು?

ಮುಕ್ಕಾಲು ಗಂಟೆ ಗಾಳಿ ಓಡಿದ ಮೇಲೆ ಬೋಗುಣಿ ಠಣ್ ಅಂದಿತು. ಸ್ಟೂಲಿನ ಮೇಲೆ ಕೂತುಬಿಟ್ಟಿದ್ದ ಯಶೋದಾ ಏಳಲಿಲ್ಲ. ಒಳಗಿಂದ ಕೆಂಚಕ್ಕ, "ಲೇ ಯಶೋದಾ, ನೀರು ಬಂತು ಕಣೆ, ಎಲ್ಲಿ ಹೋದೆ?" ಅಂತ ಕೂಗುತ್ತಲೇ ಇದ್ದಳು.

ಎರಡು ದಿನ ಅವಳು ಯಾರಿಗೂ ಹೇಳಲಿಲ್ಲ. ಹೇಳದಿರುವುದು ಎಷ್ಟು ಸುಲಭ ಅಂತ ಅವಳಿಗೆ ಗೊತ್ತಿತ್ತು. ನಲ್ಲಿ ಮುಚ್ಚಿಟ್ಟರೆ ಸಾಕು. ಮುಂದಿನ ಬಿಲ್ಲು ತಾನಾಗಿ ಇಳಿಯುತ್ತದೆ. ಮೀನಾಕ್ಷಿ ಹೋದಳು, ಬಿಲ್ಲು ಇಳಿಯಿತು ಅಂತ ಮನೆಯವರೆಲ್ಲ ತಾವೇ ತಿಳಿದುಕೊಳ್ಳುತ್ತಾರೆ. ಬಚ್ಚಿಟ್ಟ ಚೀಟಿಯೊಂದನ್ನು ಒಲೆಗೆ ಹಾಕಿದರೆ ಆಯಿತು. ಬಿ.ದುರ್ಗದ ತನ್ನ ತವರನ್ನು ನೆನೆಸಿಕೊಂಡಳು. ನಾಳೆ ತಾನೇ ಅಲ್ಲಿ ಹೋಗಿ ಒಂದು ಕೋಣೆಯಲ್ಲಿ ಇರಬೇಕಾಗಿ ಬಂದರೆ, ಅಣ್ಣನ ಹೆಂಡತಿ ಸಕ್ಕರೆ ಡಬ್ಬಿ ಎಣಿಸಿದರೆ, ಅಂತ ಯೋಚನೆ ಬಂತು. ನಾಚಿಕೆಯಾಯಿತು ಅವಳಿಗೆ. ತನ್ನ ಜೀವನದಲ್ಲಿ ಅಷ್ಟು ನಾಚಿಕೆಪಟ್ಟದ್ದು ಅವಳಿಗೆ ನೆನಪಿರಲಿಲ್ಲ.

ಮೂರನೆಯ ದಿನ ಎಲ್ಲರೂ ಊಟಕ್ಕೆ ಕೂತಾಗ ಚೀಟಿ ತೆಗೆದು ಮಾವನ ತಟ್ಟೆಯ ಪಕ್ಕ ಇಟ್ಟಳು.

"ಮೂವತ್ತೇಳು ಸಾವಿರ. ಮೀನಾಕ್ಷಿ ಹೋದ ತಿಂಗಳಿಂದು. ನೀರು ಅವಳು ಕದ್ದಿಲ್ಲ ಮಾವ. ನಾನು ನಲ್ಲಿ ಬಿಚ್ಚಿಡ್ತೀನಲ್ಲ, ಅದರಿಂದ ಮೊದಲು ಗಾಳಿ ಬರ್ತೈತೆ. ಗಾಳಿಗೂ ಮೀಟರ್ ತಿರುಗ್ತೈತೆ. ನನ್ನ ಕಣ್ಣಾರೆ ನೋಡ್ದೆ."

ಕಾಟಲಿಂಗಪ್ಪ ಎಡಗೈಯಿಂದ ತೊಡೆ ತಟ್ಟಿಕೊಂಡ. "ಹೇಳಿರಲಿಲ್ವೇನು ನಾನು, ಮಿಷನ್ನೇ ಸುಳ್ಳು ಅಂತ? ಗಾಳಿಗೂ ದುಡ್ಡು ಇಸ್ಕಂಡವ್ರೆ. ಆ ಗಾಳಿ ಚರಂಡಿಗೆ ಹೋತು ಅಂತ ಅದಕ್ಕೂ ಇಸ್ಕಂಡವ್ರೆ."

ರಂಗೇಶನಿಗೂ ಹುರುಪು ಬಂತು. ಮರುದಿನವೇ ಅಪ್ಪ ಮಗ ಅರ್ಜಿ ಬರೆಸಿಕೊಂಡು ನೀರಿನ ಕಚೇರಿಗೆ ಹೋದರು. ಏರಿನ ಕೊನೆಯ ಮನೆಗೆ ಗಾಳಿ ತಳ್ಳಿಕೊಂಡು ಬರುವುದು ಸಹಜ, ನಲ್ಲಿ ಮುಚ್ಚಿಡಿ, ಕಟ್ಟಿದ ಬಿಲ್ಲಿನ ವಿಷಯ ನೋಡೋಣ ಅಂತ ಮೇಜಿನ ಹಿಂದೆ ಕೂತಿದ್ದವರು ಹೇಳಿ ಕಳಿಸಿದರಂತೆ. ಮನೆಗೆ ಬಂದು ಅದನ್ನೇ ಇಬ್ಬರೂ ಮಂಡಕ್ಕಿ ತಿನ್ನುತ್ತಾ ಎರಡು ಸಲ ಹೇಳಿಕೊಂಡರು. ಮೀನಾಕ್ಷಿಯ ಹೆಸರು ಇಬ್ಬರ ಬಾಯಲ್ಲೂ ಬರಲಿಲ್ಲ.

"ಅತ್ತೇನ ಕರ್ಕೊಂಡು ಬರಾಕೆ ಯಾರು ಹೋಗ್ತೀರ?" ದೇವಿಕಾ ಕೇಳಿದಳು.

ಗಂಡಸರಿಬ್ಬರೂ ಯಶೋದಾಳ ಕಡೆ ನೋಡಿದರು.

ಏಕನಾಥಮ್ಮನ ಸಾಲುಮನೆಯಲ್ಲಿ ಮೀನಾಕ್ಷಿಯದು ಮೂರನೇ ಬಾಗಿಲು. ಮಂಚವಿಲ್ಲ, ಕೋಣೆಯ ಅರ್ಧಭಾಗ ಗ್ರೈಂಡರೇ ತಿಂದಿತ್ತು. ಅವಳು ಉದ್ದು ರುಬ್ಬುತ್ತಿದ್ದಳು. ಅತ್ತಿಗೆಯನ್ನು ಕಂಡು ಮಿಷನ್ ನಿಲ್ಲಿಸಿದಳು.

"ಬರ್ರಿ ಅತ್ತಿಗೆ, ಕುಂತ್ಕಳ್ರಿ."

ಯಶೋದಾ ಕೂರಲಿಲ್ಲ. ಇಳಿಯದ ಬಿಲ್ಲು, ನಲ್ಲಿ, ಗಾಳಿ, ಚಕ್ರ ಅಂತ ಹೇಗೋ ಹೇಳಿ ಮುಗಿಸಿದಳು. ಸೆರಗಿನ ಗಂಟು ಬಿಚ್ಚಿ ಎರಡು ನೋಟು ಚಾಚಿದಳು. "ನಿನ್ನ ಸಾವಿರ. ತಪ್ಪು ನಂದು ಮೀನಾಕ್ಷಿ. ಮನೆಗೆ ಹೋಗಾಣ ಬಾ. ಆಟೊ ಕಳಿಸು ಅಂತ ನಿಮ್ಮಣ್ಣಂಗೆ ಹೇಳ್ತೀನಿ."

ಮೀನಾಕ್ಷಿ ದುಡ್ಡು ಈಸಿಕೊಂಡು ಡಬ್ಬಿಯಲ್ಲಿಟ್ಟಳು. ಕೈ ಒರೆಸಿಕೊಂಡಳು.

"ಒಂದು ಕೇಳ್ಲಾ ಅತ್ತಿಗೆ? ನಾನು ಹೋದ ತಿಂಗಳೇ ಬಿಲ್ಲು ಇಳಿದಿದ್ರೆ ನೀವು ಬರ್ತಿದ್ರಾ?"

ಯಶೋದಾ ಬಾಯಿ ತೆರೆದಳು. ಬರುತ್ತಿದ್ದೆ ಅನ್ನಬಹುದಿತ್ತು.

"ಇಲ್ಲ," ಅಂದಳು.

"ಅದಕ್ಕೇ. ಮೀಟರ್ ಹೇಳಿದ್ಮೇಲೆ ನಂಬಿದ್ರಿ. ನಾನೂ ಹೇಳಿದ್ದೆ, ಎಲ್ಲರ ಮುಂದೆ ನಿಂತು ಹೇಳಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇಲ್ಲಿ ಬಾಡಿಗೆ ಜಾಸ್ತಿ ಅನ್ನೋದು ನಿಜ. ಆದ್ರೆ ಏಕನಾಥಮ್ಮ ಒಂದು ಕೊಡ ನೀರಿಗೆ ಇಷ್ಟು ಅಂತ ಇಸ್ಕೊಂಡು ಸುಮ್ನಾಗ್ತಾರೆ. ನಾನು ಅಕ್ಕಿ ಎಷ್ಟು ಸಲ ತೊಳಿತೀನಿ ಅಂತ ಯಾರೂ ಕೇಳಲ್ಲ. ನಾನು ಬರಲ್ಲ ಅತ್ತಿಗೆ. ಟೀ ಮಾಡ್ತೀನಿ, ಕುಡಿದು ಹೋಗ್ರಿ."

ಯಶೋದಾ ಟೀ ಕುಡಿದಳು. ಇಬ್ಬರೂ ದೇವಿಕಾಳ ಪರೀಕ್ಷೆಯ ಮಾತಾಡಿದರು. ಹೊರಡುವಾಗ ಮೀನಾಕ್ಷಿ 'ಅವ್ವಂಗೆ ಮಂಡಿ ನೋವಿನ ಎಣ್ಣೆ ಮುಗಿದಿರ್ತೈತೆ, ತಂದು ಕೊಡ್ರಿ' ಅಂದಳು.

ಏರು ಹತ್ತಿ ಮನೆ ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಹಿತ್ತಲ ಕೋಣೆಯ ಬಾಗಿಲು ತೆರೆದಿತ್ತು. ಕೆಂಚಕ್ಕ ಅದನ್ನು ಗುಡಿಸಿ, ಒರೆಸಿ, ಚಾಪೆ ಕೊಡವಿ ಹಾಕಿ, ಹೊಸ್ತಿಲ ಮೇಲೆ ಕೂತಿದ್ದಳು. ಸೊಸೆಯ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಅಂತ ಕತ್ತು ಚಾಚಿ ನೋಡಿದಳು.

"ಎಲ್ಲವ್ವ ಅವಳು?"

"ಬರಲ್ಲ ಅಂದ್ಲು ಅತ್ತೆ." ಯಶೋದಾ ಅತ್ತೆಯ ಪಕ್ಕದಲ್ಲೇ ಕೂತಳು. ಇಷ್ಟು ಹೊತ್ತು ತಡೆದಿದ್ದ ಅಳು ಬಂದೇಬಿಟ್ಟಿತು. "ಎಲ್ಲಾ ನನ್ನಿಂದ ಆಗಿದ್ದು. ಬೈರಿ ಅತ್ತೆ, ನೀವಾದ್ರೂ ನನ್ನ ಬೈರಿ."

ಕೆಂಚಕ್ಕ ಬೈಯಲಿಲ್ಲ. ಸೊಸೆಯ ಬೆನ್ನ ಮೇಲೆ ಕೈಯಿಟ್ಟಳು.

"ನಿಂದೇನೈತೆ ಬಿಡವ್ವ. ನೀನು ಹೊರಗಿಂದ ಬಂದೋಳು," ಅಂದಳು. "ಪೈಪ್ ಬಿಟ್ಟಿರ್ತಾಳೆ ಅಂತ ನಾನೂ ನಂಬಿದ್ದೆ. ಹೆತ್ತೋಳು ನಾನೇ ನಂಬಿದ್ಮೇಲೆ, ಅವಳು ಯಾರ ಮನೆ ಅಂತ ಬರ್ಬೇಕು?"